ಪೈನ್ ಮರಗಳ ಕೆಳಗೆ ಒಂದು ರೇಸಿನ ಮೈದಾನ

"ಮಾವಾರ, ನಾಳೆ ರವಿವಾರ. ನಿಮಗ ವಾಕಿಂಗಿಗೆ ಒಂದು ಛಲೋ ಜಾಗಾ ತೋರಸ್ತೀನಿ" ಅಂದ ಅಳಿಯ.

2024ರ ಅಕ್ಟೋಬರ್ ಅದು. ಬ್ಯಾಂಕಿನಲ್ಲಿ ಕೂಡಿಟ್ಟಿದ್ದ ಪಿಎಲ್ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ನಾನು ಮತ್ತು ನಮ್ಮಾಕಿ ಪುಣೆಯಿಂದ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಮಗಳ ಮನೆಗೆ ಹೋಗಿದ್ದೆವು. ಅವರಿರುವುದು ಡರ್‌ಹ್ಯಾಮ್ ಎಂಬ ಊರಿನಲ್ಲಿ. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಹಿಲ್ಸ್‌ಬರೊ ಅಂತ ಒಂದು ಹಳೆಯ ಸಣ್ಣ ಊರು. ಊರಿನ ಅಂಚಿಗೆ ಈನೋ ಎಂಬ ಹೊಳೆ, ಹೊಳೆಯ ಮಗ್ಗುಲಿಗೆ ಪೈನ್ ಮರಗಳ ಕಾಡು.

ನಡೆಯುತ್ತಾ ಹೋದಂತೆ ನನಗೊಂದು ಅನುಮಾನ. ಕಾಡಿನ ಕಾಲುದಾರಿ ಇಷ್ಟು ಅಗಲ ಯಾಕೆ? ಎರಡು ಲಾರಿ ಆರಾಮಾಗಿ ಪಕ್ಕಪಕ್ಕ ಹೋಗಬಹುದು. ಅದೂ ನೆಟ್ಟಗಿಲ್ಲ, ದೊಡ್ಡದಾಗಿ ಬಾಗುತ್ತಾ ಹೋಗುತ್ತದೆ. ಸ್ವಲ್ಪ ಮುಂದೆ ಹೋದರೆ ದಿಬ್ಬದ ಇಳಿಜಾರಿನಲ್ಲಿ ಕಾಂಕ್ರೀಟಿನ ಉದ್ದುದ್ದ ಮೆಟ್ಟಿಲು. ಸುತ್ತ ಮರ, ಮೇಲೆ ಒಣಗಿದ ಎಲೆಗಳ ಹಾಸಿಗೆ.

"ಇಲ್ಲೇನು ಬಯಲಾಟ ಆಡಸ್ತಿದ್ರೇನು?" ಅಂದೆ.

"ಇಲ್ರೀ ಮಾವಾರ. ಇದು ಕಾರ್ ರೇಸಿನ ಟ್ರ್ಯಾಕು. ನೀವು ಈಗ ನಿಂತದ್ದು ಕಾರ್ ಓಡೋ ಜಾಗಾದಾಗ."

ನಾನು ಬಿಕಾಂ ಓದಿದವನು. ಇತಿಹಾಸ ಅಂದರೆ ನನಗೆ ಹಳೆಯ ಲೆಡ್ಜರ್ ಇದ್ದ ಹಾಗೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಬಾಕಿ ಎಷ್ಟು ಅಂತ ನೋಡದೆ ಸಮಾಧಾನವಿಲ್ಲ. ಆ ರಾತ್ರಿಯೇ ಹುಡುಕಿ ಓದತೊಡಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಜಾಗದ ಹೆಸರು ಓಕನೀಚಿ. ಹಿಂದೆ ಇಲ್ಲಿ ಬಾಳಿದ ಮೂಲನಿವಾಸಿ ಜನರ ಹೆಸರು ಅದು. ಆಮೇಲೆ ಡರ್‌ಹ್ಯಾಮಿನ ದೊಡ್ಡ ತಂಬಾಕು ವ್ಯಾಪಾರಿಯೊಬ್ಬ ಇಲ್ಲಿ ತೋಟ ಮಾಡಿ, ಕುದುರೆ ಸಾಕಿ, ಅವುಗಳನ್ನು ಓಡಿಸಲು ಒಂದು ದುಂಡು ಹಾದಿ ಮಾಡಿದ. ಅವನ ಹೆಸರು ಜೂಲಿಯನ್ ಕಾರ್! ಕುದುರೆ ಓಡಿಸಿದವನ ಅಡ್ಡಹೆಸರೇ ಕಾರ್ ಆಗಿತ್ತು ನೋಡಿ. 1940ರ ದಶಕದ ಕೊನೆಯಲ್ಲಿ ಬಿಲ್ ಫ್ರಾನ್ಸ್ ಎಂಬಾತ ತನ್ನ ಪುಟ್ಟ ವಿಮಾನದಲ್ಲಿ ಹೋಗುತ್ತಿದ್ದಾಗ ಈ ಹಾದಿಯನ್ನು ಮೇಲಿಂದ ಕಂಡ ಅಂತ ಹೇಳುತ್ತಾರೆ. ಆತನೂ ಊರು ಬಿಟ್ಟವನೇ. ಹುಟ್ಟಿದ್ದು ವಾಷಿಂಗ್ಟನ್ನಿನಲ್ಲಿ, 1934ರಲ್ಲಿ ಫ್ಲೋರಿಡಾದ ಡೇಟೋನಾಕ್ಕೆ ಬಂದು ನೆಲೆಸಿದ ಕಾರ್ ಮೆಕ್ಯಾನಿಕ್. ಜೊತೆಗಾರರನ್ನು ಸೇರಿಸಿಕೊಂಡು ಕುದುರೆಯ ಹಾದಿಯನ್ನು 0.9 ಮೈಲಿಯ, ಅಂದರೆ ಸುಮಾರು 1.4 ಕಿ.ಮೀ. ಸುತ್ತಳತೆಯ ಮಣ್ಣಿನ ಟ್ರ್ಯಾಕ್ ಮಾಡಿದ. ಇದೇ ಬಿಲ್ ಫ್ರಾನ್ಸ್ 1948ರಲ್ಲಿ ನ್ಯಾಸ್ಕಾರ್ ಎಂಬ ರೇಸಿನ ಸಂಸ್ಥೆ ಕಟ್ಟಿದ. ಇವತ್ತು ಅಮೆರಿಕದಲ್ಲಿ ನ್ಯಾಸ್ಕಾರ್ ಅಂದರೆ ಕೋಟ್ಯಂತರ ಡಾಲರಿನ ವ್ಯವಹಾರ.

ಸ್ಟಾಕ್ ಕಾರ್ ಅಂದಾಗ ನನಗೆ ಮೊದಲು ನೆನಪಾದದ್ದು ದಲಾಲ್ ಸ್ಟ್ರೀಟ್. ಆದರೆ ಇಲ್ಲಿ ಸ್ಟಾಕ್ ಅಂದರೆ ಶೋರೂಮಿನಲ್ಲಿ ಇದ್ದ ಹಾಗೇ ಇರುವ ಕಾರು. ರೇಸಿಗಂತಲೇ ಕಟ್ಟಿದ್ದಲ್ಲ, ಜನ ಸಂತೆಗೆ, ಚರ್ಚಿಗೆ ಓಡಿಸಿಕೊಂಡು ಹೋಗುವಂಥದ್ದು. 1949ರಲ್ಲಿ ನ್ಯಾಸ್ಕಾರ್ ಇಂಥ ಕಾರುಗಳ ಸರಣಿ ಶುರು ಮಾಡಿತು. ಮೊದಲ ರೇಸು ಜೂನ್ 19ರಂದು ಶಾರ್ಲಟ್‌ನಲ್ಲಿ. ಲೀ ಪೆಟ್ಟಿ ಎಂಬಾತ ಆ ದಿನ ಗೆಳೆಯನ ಬ್ಯೂಕ್ ಕಾರನ್ನು ಕಡ ತಂದು ಓಡಿಸಿ, ಪಲ್ಟಿ ಹೊಡೆಸಿ ಜಜ್ಜಿಬಿಟ್ಟ. ಅವನ ಹನ್ನೊಂದು ವರ್ಷದ ಮಗ ರಿಚರ್ಡ್ ಅಲ್ಲೇ ಇದ್ದ. ಈ ಹುಡುಗನ ಹೆಸರು ನೆನಪಿಡಿ, ಮುಂದೆ ಬರುತ್ತಾನೆ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ಆದರೆ ತಪಾಸಣೆಯಲ್ಲಿ ಅವನ ಫೋರ್ಡ್ ಕಾರಿನ ಹಿಂದಿನ ಸ್ಪ್ರಿಂಗು ಬಿಗಿಮಾಡಿದ್ದು ಸಿಕ್ಕಿತು. ಕಳ್ಳಭಟ್ಟಿ ಸಾಗಿಸುವವರು ಭಾರಕ್ಕೆ ಕಾರು ಹಿಂದೆ ಕುಸಿಯದಿರಲಿ ಅಂತ ಮಾಡಿಸುತ್ತಿದ್ದ ಕೆಲಸ ಅದು. ಅವನನ್ನು ಅನರ್ಹ ಮಾಡಿ ಎರಡನೆಯವನಿಗೆ ಬಹುಮಾನ ಕೊಟ್ಟರು. ಆ ಸೀಮೆಯ ಎಷ್ಟೋ ಡ್ರೈವರುಗಳು ಪೋಲೀಸರಿಂದ ತಪ್ಪಿಸಿಕೊಂಡು ಗುಡ್ಡದ ದಾರಿಯಲ್ಲಿ ರಾತ್ರಿ ಸಾರಾಯಿ ಸಾಗಿಸುತ್ತಲೇ ಕಾರು ಕಲಿತವರು.

ಸರಣಿಯ ಮೂರನೆಯ ರೇಸು ಈ ಓಕನೀಚಿಯಲ್ಲಿ, 1949ರ ಆಗಸ್ಟ್ 7, ಭಾನುವಾರ. ಗೆದ್ದವನು ಬಾಬ್ ಫ್ಲಾಕ್, ಓಡಿಸಿದ್ದು ಓಲ್ಡ್ಸ್‌ಮೊಬೀಲ್. ಗಂಡಸರ ಆಟ ಅಂದುಕೊಳ್ಳಬೇಡಿ, ಲೂಯಿಸ್ ಸ್ಮಿತ್ ಎಂಬ ಧೀರೆ ಇಲ್ಲಿ ಕಾರು ಓಡಿಸಿದ್ದಾಳೆ. ನಿಮ್ಮ ಮೊಮ್ಮಕ್ಕಳು 2017ರ 'ಕಾರ್ಸ್ 3' ಸಿನಿಮಾ ನೋಡಿದ್ದರೆ ಅದರಲ್ಲಿ ಲೂಯಿಸ್ ಅಂತ ಒಂದು ವಯಸ್ಸಾದ ಕಾರು ಬರುತ್ತದೆ. ಅದಕ್ಕೆ ಸ್ಫೂರ್ತಿ ಈಕೆಯೇ. ಇದನ್ನು ಹೇಳಿದ ಮೇಲೆ ನಮ್ಮ ಮೊಮ್ಮಗನ ಕಣ್ಣಿನಲ್ಲಿ ಅಜ್ಜನ ಬೆಲೆ ಒಂದು ವಾರ ಏರಿತ್ತು.

ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುವುದು ಡಾಂಬರಿನ ಮೇಲೆ ಓಡಿಸಿದಂತಲ್ಲ. ಅಲ್ಲಿಯ ನೆಲ ಕೆಂಪು ಜೇಡಿ. ನೀರು ಹಾಕಿ ಹದ ಮಾಡುತ್ತಾರೆ. ಹೆಚ್ಚಾದರೆ ರಾಡಿ, ಕಡಿಮೆಯಾದರೆ ಧೂಳು. ತಿರುವಿನಲ್ಲಿ ಚಕ್ರ ಹಿಡಿತ ಬಿಡುತ್ತದೆ, ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತದೆ. ಆಗ ಡ್ರೈವರ್ ಹೆದರಿ ಬ್ರೇಕ್ ಒತ್ತಿದರೆ ಕೆಟ್ಟ. ಎಡಕ್ಕೆ ತಿರುಗಬೇಕಾದ ಕಡೆ ಸ್ಟೀರಿಂಗನ್ನು ಬಲಕ್ಕೆ ಹಿಡಿದು, ಆಕ್ಸಿಲರೇಟರ್ ಬಿಡದೆ, ಆ ಜಾರಿಕೆಯಲ್ಲೇ ತಿರುವು ದಾಟಬೇಕು. ಸುತ್ತು ಸುತ್ತಿದಂತೆ ನೆಲವೂ ಬದಲಾಗುತ್ತದೆ. ಮೊದಲು ಮೆತ್ತಗಿದ್ದದ್ದು ಒಣಗಿ ಗಟ್ಟಿಯಾಗುತ್ತದೆ, ಎಲ್ಲೋ ಗುಂಡಿ ಬೀಳುತ್ತದೆ. ನೆಲ ಓದಲು ಬಂದವನೇ ಗೆಲ್ಲುವವನು. ಇಲ್ಲಂತೂ ಒಂದು ಮಗ್ಗುಲಿಗೆ ಹೊಳೆ. ತಿರುವು ತಪ್ಪಿದ ಕಾರು ಮರಗಳ ನಡುವೆ ನುಗ್ಗಿ ಹೊಳೆಯ ಕಡೆಗೇ ಹೋಗುತ್ತಿತ್ತು.

ಇದನ್ನು ಓದುತ್ತಿದ್ದಾಗ ನನ್ನ ಮನಸ್ಸು ಹಿಲ್ಸ್‌ಬರೊದಲ್ಲಿ ಇರಲಿಲ್ಲ. ಧಾರವಾಡ ಜಿಲ್ಲೆಯ ನಮ್ಮೂರಿನ ಹೊರಗೆ ನಮ್ಮದೊಂದು ಮಸಾರಿ ಹೊಲ ಇತ್ತು. ಸುಗ್ಗಿ ಮುಗಿದ ಮೇಲೆ ಅಲ್ಲಿ ಖಾಲಿ ಚಕ್ಕಡಿ ಓಡಿಸುವ ಶರ್ಯತ್ತು. ಒಂದು ನಿಮಿಷದಲ್ಲಿ ಯಾರ ಎತ್ತು ಎಷ್ಟು ಫೂಟು ಓಡಿದವು ಅಂತ ಟೇಪು ಹಿಡಿದು ಅಳೆಯುತ್ತಿದ್ದರು. ಹಿಂದಿನ ಸಂಜೆ ಅಪ್ಪ ಬರಿಗಾಲಲ್ಲಿ ಇಡೀ ಹೊಲ ತಿರುಗಿ, ಎಲ್ಲಿ ಕಲ್ಲಿದೆ, ಎಲ್ಲಿ ನೆಲ ಸಡಿಲ ಇದೆ ಅಂತ ನೋಡಿ ಬರುತ್ತಿದ್ದ. ಬರೀ ಪಾದದಿಂದ ಓದುತ್ತಿದ್ದ ಅವನು.

ಇರಲಿ, ಟ್ರ್ಯಾಕಿಗೆ ಬರೋಣ. 1954ರಲ್ಲಿ ಇದರ ಹೆಸರು ಆರೆಂಜ್ ಸ್ಪೀಡ್‌ವೇ ಎಂದಾಯಿತು. ಹಣ್ಣಿನ ಆರೆಂಜ್ ಅಲ್ಲ, ಆ ಕೌಂಟಿಯ ಹೆಸರೇ ಆರೆಂಜ್. ಫೈರ್‌ಬಾಲ್ ರಾಬರ್ಟ್ಸ್, ಜೂನಿಯರ್ ಜಾನ್ಸನ್, ನೆಡ್ ಜ್ಯಾರೆಟ್, ಡೇವಿಡ್ ಪಿಯರ್ಸನ್ ಎಲ್ಲ ದೊಡ್ಡವರೂ ಈ ಮಣ್ಣಿನಲ್ಲಿ ಓಡಿದವರೇ. ರೇಸು ನಡೆಯುತ್ತಿದ್ದದ್ದು ಭಾನುವಾರ. ಊರಿನ ಪಾದ್ರಿಗಳಿಗೆ ಅದೇ ತಕರಾರು. ದೇವರ ದಿನ ಈ ಗದ್ದಲ ಬೇಡ ಅಂತ ವಿರೋಧ ಜೋರಾಯಿತು. 1968ರ ಸೆಪ್ಟೆಂಬರ್ 15ರಂದು ಕೊನೆಯ ರೇಸು, ಅದೂ ಭಾನುವಾರವೇ. ಗೆದ್ದವನು ರಿಚರ್ಡ್ ಪೆಟ್ಟಿ, ಅಂದು ಅಪ್ಪ ಕಡದ ಕಾರು ಪಲ್ಟಿ ಹೊಡೆಸಿದ ರೇಸಿನಲ್ಲಿದ್ದ ಹುಡುಗ. ಆಗ ಅವನಿಗೆ 31.

ಟ್ರ್ಯಾಕ್ ಮುಚ್ಚಿಸಿದ್ದು ಪಾದ್ರಿಗಳು ಅಂತಲೇ ಸಾಮಾನ್ಯವಾಗಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ನನ್ನಂಥ ಬ್ಯಾಂಕಿನವನು ಖಾತೆಯ ಎರಡೂ ಬದಿ ನೋಡಬೇಕು. 1950ರಲ್ಲೇ ಡಾರ್ಲಿಂಗ್ಟನ್‌ನಲ್ಲಿ ಡಾಂಬರಿನ ದೊಡ್ಡ ಟ್ರ್ಯಾಕ್ ಬಂದಿತ್ತು. 1959ರಲ್ಲಿ ಸ್ವತಃ ಬಿಲ್ ಫ್ರಾನ್ಸ್ ಡೇಟೋನಾದಲ್ಲಿ ಎರಡೂವರೆ ಮೈಲಿಯದು ಕಟ್ಟಿದ್ದ. ಹಿಲ್ಸ್‌ಬರೊ ಮುಚ್ಚಿದ ಮರುವರ್ಷವೇ, 1969ರಲ್ಲಿ, ಅಲಬಾಮಾದ ಟ್ಯಾಲಡೀಗದಲ್ಲಿ ಅದಕ್ಕಿಂತಲೂ ದೊಡ್ಡದು, 2.66 ಮೈಲಿಯದು ತೆರೆಯಿತು. ಹೆಚ್ಚು ವೇಗ, ಹೆಚ್ಚು ಜನ, ಹೆಚ್ಚು ಟಿಕೆಟ್ಟು. ಪಾದ್ರಿಗಳು ಸುಮ್ಮನಿದ್ದರೂ ಆಟ ಈ ಸಣ್ಣೂರಿನಲ್ಲಿ ಬಹಳ ದಿನ ಉಳಿಯುತ್ತಿರಲಿಲ್ಲ ಅಂತ ನನಗನಿಸುತ್ತದೆ. ಎರಡೇ ವರ್ಷಕ್ಕೆ, 1970ರ ಸೆಪ್ಟೆಂಬರ್ 30ಕ್ಕೆ, ಪಕ್ಕದ ರಾಲಿಯಲ್ಲಿ ಆ ಸರಣಿಯ ಮಣ್ಣಿನ ರೇಸುಗಳೇ ಮುಗಿದವು. ಅಲ್ಲೂ ಗೆದ್ದವನು ರಿಚರ್ಡ್ ಪೆಟ್ಟಿಯೇ.

ತಮಾಷೆ ಕೇಳಿ. ಐವತ್ತು ವರ್ಷ ಕಳೆದ ಮೇಲೆ ಅದೇ ನ್ಯಾಸ್ಕಾರಿಗೆ ಮಣ್ಣಿನ ನೆನಪಾಯಿತು. ಬ್ರಿಸ್ಟಲ್‌ನ ಕಾಂಕ್ರೀಟ್ ಟ್ರ್ಯಾಕಿನ ಮೇಲೆ ಲಾರಿಗಟ್ಟಲೆ ಮಣ್ಣು ತಂದು ಸುರಿದು 2021ರಿಂದ 2023ರ ತನಕ ಮೂರು ವರ್ಷ ರೇಸು ಮಾಡಿದರು. ನಾವು ನಗರದವರು ಬಾಲ್ಕನಿಯ ಕುಂಡದಲ್ಲಿ ಊರಿನ ಮಣ್ಣು ತಂದು ತುಳಸಿ ಹಚ್ಚಿದ ಹಾಗೆ.

ಓಕನೀಚಿಯ ಅದೃಷ್ಟ ಅಂದರೆ ಅದು ಲೇಔಟ್ ಆಗಲಿಲ್ಲ. ಟ್ರ್ಯಾಕಿನ ಮೇಲೆ ಮರ ಬೆಳೆದವು. 1949ರ ಆ ಮೊದಲ ವರ್ಷದ ಟ್ರ್ಯಾಕುಗಳಲ್ಲಿ ಮಣ್ಣಾಗಿಯೇ ಉಳಿದದ್ದು ಇದೊಂದೇ. 2002ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ನಡೆದಾಡುವವರಿಗಾಗಿ ಅದನ್ನು ಕಾಪಾಡಿಕೊಂಡು ಬಂದದ್ದು ರಿಚರ್ಡ್ ಜೆನ್ರೆಟ್ ಕಟ್ಟಿದ ಟ್ರಸ್ಟು. ಆತ ರಾಲಿಯಲ್ಲಿ ಹುಟ್ಟಿ, ನ್ಯೂಯಾರ್ಕಿನ ವಾಲ್ ಸ್ಟ್ರೀಟಿಗೆ ಹೋಗಿ ದುಡ್ಡು ಮಾಡಿದವನು. ಊರು ಬಿಟ್ಟವನೊಬ್ಬ ಊರ ಕಡೆ ತಿರುಗಿ ನೋಡಿದ್ದ.

ನನಗೆ ಚುಚ್ಚಿದ್ದು ಇಲ್ಲೇ.

ನಮ್ಮ ಮಸಾರಿ ಹೊಲ 2009ರಲ್ಲಿ ಮಾರಾಟವಾಯಿತು. ಅಣ್ಣ ಫೋನ್ ಮಾಡಿದ್ದ: "ಛಲೋ ರೇಟು ಬಂದೈತಿ. ನೀ ಒಮ್ಮೆ ಬಂದು ಹೋಗು, ಕುಂತು ಮಾತಾಡೂಣು." ಅದು ಮಾರ್ಚ್ ತಿಂಗಳು, ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಹೊತ್ತು. ನಾನು ಹೋಗಲಿಲ್ಲ. ಪುಣೆಯಲ್ಲೇ ಮುಖ್ತ್ಯಾರ ಪತ್ರ ಮಾಡಿಸಿ, ನೋಟರಿ ಮುದ್ರೆ ಒತ್ತಿಸಿ ಕೊರಿಯರ್ ಮಾಡಿದೆ. ನನ್ನ ಪಾಲು ಫ್ಲ್ಯಾಟಿನ ಸಾಲಕ್ಕೆ ಜಮಾ ಆಯಿತು. ಮುಂದಿನ ಸುಗ್ಗಿಗೆ ಅಲ್ಲಿ ಸರ್ವೆ ಕಲ್ಲು ನೆಟ್ಟಿದ್ದರು. ಎಷ್ಟೋ ವರ್ಷ ನಾನು "ನಮ್ಮೂರಾಗ ಶರ್ಯತ್ತು ನಿಂತು ಹೋತು, ಜನಕ್ಕ ಆಸಕ್ತಿ ಇಲ್ಲ" ಅಂತ ಇಲ್ಲಿಯ ಗೆಳೆಯರ ಮುಂದೆ ಮರುಗುತ್ತಿದ್ದೆ. ಬಯಲು ಕಳೆಯುವುದಕ್ಕೆ ನನ್ನದೂ ಒಂದು ಸಹಿ ಇತ್ತು ಅನ್ನುವುದು ಹಿಲ್ಸ್‌ಬರೊದ ಆ ಮೆಟ್ಟಿಲ ಮೇಲೆ ಕೂತಾಗಲೇ ಹೊಳೆದದ್ದು.

ಅಂದೂ ಭಾನುವಾರ. ಅರ್ಧ ಶತಮಾನದ ಹಿಂದೆ ಪಾದ್ರಿಗಳು ಕೇಳಿದ್ದ ಶಾಂತಿ ಅಲ್ಲಿ ಪೂರ್ತಿ ಇತ್ತು. ಒಬ್ಬಾಕೆ ನಾಯಿ ಹಿಡಿದುಕೊಂಡು ಟ್ರ್ಯಾಕಿನ ಸುತ್ತು ಹಾಕುತ್ತಿದ್ದಳು.

ವಾಪಸು ಬಂದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, ಆ ಹೊಲದಾಗ ಈಗ ಏನರ ಉಳದೈತೇನು?"

"ಏನ್ ಉಳಿತದಪಾ, ಎಲ್ಲಾ ಮನಿ ಆಗ್ಯಾವು. ಚಕ್ಕಡಿ ಬಿಡೂ ಗೆರಿ ಹಾಕತಿದ್ರಲ್ಲ, ಆ ಬೇವಿನ ಗಿಡ ಒಂದು ಐತಿ. ಪಾರ್ಕಿನ ಜಾಗಾ ಅಂತ ಬಿಟ್ಟಾರ."

"ಅದರ ಬುಡಕ ಒಂದು ಕಲ್ಲು ನಿಲ್ಲಸೂಣು. ಖರ್ಚು ನಂದು."

"ಏನಂತ ಬರಸೂದು?"

ಬ್ಯಾಂಕಿನಲ್ಲಿ ಮೂವತ್ತು ವರ್ಷ ಎಷ್ಟೆಲ್ಲ ನೋಟು, ಷರಾ ಬರೆದವನಿಗೆ ತಕ್ಷಣ ಏನೂ ತೋಚಲಿಲ್ಲ. ಈಗ ಒಂದು ಸಾಲು ಬರೆದು ಕಳಿಸಿದ್ದೇನೆ: ಇಲ್ಲಿ ಚಕ್ಕಡಿ ಓಡುತ್ತಿದ್ದವು. ಅಷ್ಟೇ. ಈ ಸುಗ್ಗಿಗೆ ಹೋಗಬೇಕು, ಕೊರಿಯರ್ ಮಾಡಿ ಕೈತೊಳೆಯುವ ಕೆಲಸ ಅಲ್ಲ ಇದು.