ಕಾಲಿನ ಕೆಂಪು ಕಲೆ, ಕಣ್ಣಿಗೆ ಕಾಣದ ವೈರಸ್

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲವೂ ಬಿಸಿಲಿನ ಊರುಗಳು. ಇಲ್ಲಿ ಮೈಮೇಲೆ ಕೆಂಪು ಕಲೆ ಎದ್ದರೆ ಮನೆಯ ಹಿರಿಯರ ಮೊದಲ ಮಾತು ‘ಉಷ್ಣ ಆಗಿದೆ’ ಎಂದೇ. ಬೆವರುಗುಳ್ಳೆಯ ಮಟ್ಟಿಗೆ ಅದು ನಿಜ. ಆದರೆ ಮೊಣಕಾಲ ಕೆಳಗೆ ಗುಂಪಾಗಿ ಏಳುವ, ಬೆರಳಿಗೆ ಉಬ್ಬಾಗಿ ತಗಲುವ, ಗಾಜಿನ ಲೋಟ ಒತ್ತಿದರೂ ಬಿಳಿಚದ ಕಲೆಗಳ ಕಥೆಯೇ ಬೇರೆ. ಅಲ್ಲಿ ಚರ್ಮದ ಸಣ್ಣ ರಕ್ತನಾಳಗಳು ಉರಿಯೂತದಿಂದ ಹಾಳಾಗಿ ರಕ್ತ ಹೊರಗೆ ಸೋರಿರುತ್ತದೆ. ಇಂಥ ಒಂದು ಕಾಯಿಲೆಯ ಸುಳಿವು ಸಿಕ್ಕಿದ್ದು ಉಷ್ಣದಿಂದಲ್ಲ, ಶೀತದಿಂದ!

1933ರಲ್ಲಿ ಅಮೆರಿಕದ ವಿನ್‌ಟ್ರೋಬ್ ಮತ್ತು ಬ್ಯುವೆಲ್ ರೋಗಿಯೊಬ್ಬರ ರಕ್ತರಸವನ್ನು ತಣ್ಣಗಿಟ್ಟಾಗ ಅದರೊಳಗಿನ ಪ್ರೋಟೀನು ಗಟ್ಟಿಯಾಯಿತು. ಚಳಿಗಾಲದ ಕೊಬ್ಬರಿ ಎಣ್ಣೆಯನ್ನು ನೆನೆದುಕೊಳ್ಳಿ. 1947ರಲ್ಲಿ ಲರ್ನರ್ ಮತ್ತು ವಾಟ್ಸನ್ ಇಂಥ ಪ್ರೋಟೀನಿಗೆ ಕ್ರಯೋಗ್ಲಾಬ್ಯುಲಿನ್ ಎಂದು ಹೆಸರಿಟ್ಟರು. 1966ರಲ್ಲಿ ಮೆಲ್ಟ್ಜರ್ ಮತ್ತು ಫ್ರಾಂಕ್ಲಿನ್ ಕಾಲಿನ ಕಲೆ, ಕೀಲುನೋವು, ನಿಶ್ಶಕ್ತಿ ಈ ಮೂರನ್ನೂ ಅದರೊಂದಿಗೆ ಜೋಡಿಸಿದರು. ಕಾರಣ ಗೊತ್ತಾಗದ್ದಕ್ಕೆ ಕಾಯಿಲೆಯ ಹೆಸರಿನ ಹಿಂದೆ ‘ಎಸೆನ್ಷಿಯಲ್’ ಎಂಬ ಪದ ಸೇರಿತು. ವೈದ್ಯಶಾಸ್ತ್ರದಲ್ಲಿ ‘ನಮಗೆ ತಿಳಿಯದು’ ಎನ್ನುವುದಕ್ಕೆ ಅದೊಂದು ಗೌರವದ ಮಾತು.

ಈ ರೋಗಿಗಳಲ್ಲಿ ಅನೇಕರ ಯಕೃತ್ತೂ ಕೆಟ್ಟಿರುತ್ತಿತ್ತು. 1977ರಲ್ಲಿ ಅನುಮಾನ ಹೆಪಟೈಟಿಸ್ ಬಿ ವೈರಸ್ಸಿನ ಮೇಲೆ ಬಿತ್ತು. ದಿಕ್ಕು ಸರಿಯಿತ್ತು, ಮುಖ್ಯ ಆಸಾಮಿ ಮಾತ್ರ ಬೇರೆ. 1989ರಲ್ಲಿ ಮೈಕೆಲ್ ಹಾಟನ್ ಅವರ ತಂಡ ಹೆಪಟೈಟಿಸ್ ಸಿ ವೈರಸ್ಸನ್ನು ಗುರುತಿಸಿತು. ಅದಕ್ಕೆ ರಕ್ತಪರೀಕ್ಷೆ ಬಂದದ್ದೇ ತಡ, ಕಾರಣ ತಿಳಿಯದ ರೋಗಿಗಳಲ್ಲಿ ಬಹುಪಾಲು ಜನರ ರಕ್ತದಲ್ಲಿ ಅದರ ಗುರುತು ಕಂಡಿತು. ಹಾಟನ್, ಹಾರ್ವೆ ಆಲ್ಟರ್, ಚಾರ್ಲ್ಸ್ ರೈಸ್ ಮೂವರಿಗೂ 2020ರ ನೊಬೆಲ್ ಬಂತು.

ವೈರಸ್ ಚರ್ಮವನ್ನು ನೇರವಾಗಿ ಕಡಿಯುವುದಿಲ್ಲ. ವರ್ಷಗಟ್ಟಲೆ ಅದರೊಡನೆ ಹೋರಾಡುವ ದೇಹ, ತನ್ನದೇ ಪ್ರತಿಕಾಯಗಳಿಗೆ ಅಂಟುವ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಆ ಗಂಟುಗಳು ರಕ್ತ ನಿಧಾನವಾಗಿ ಹರಿಯುವ ಕಾಲಿನ ಸಣ್ಣ ನಾಳಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ.

ಪರೀಕ್ಷೆಯಲ್ಲಿ ಒಂದು ತೊಡಕಿದೆ. ರಕ್ತವನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಟ್ಟು ರಕ್ತರಸ ಬೇರ್ಪಡಿಸಬೇಕು. ಸಿರುಗುಪ್ಪದಲ್ಲಿ ತೆಗೆದ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಬಳ್ಳಾರಿಗೆ ಕಳಿಸಿದರೆ, ಹುಡುಕುವ ಪ್ರೋಟೀನು ದಾರಿಯಲ್ಲೇ ಗಟ್ಟಿಯಾಗಿ ಹೆಪ್ಪಿನೊಂದಿಗೆ ಹೊರಬಿದ್ದು, ವರದಿ ‘ಇಲ್ಲ’ ಎಂದು ಬರಬಹುದು. ರಕ್ತದ ಬದಲು ರೋಗಿಯೇ ಬಸ್ ಹತ್ತುವುದು ಲೇಸು.

ಈ ವೈರಸ್ ಹರಡುವುದು ಮುಖ್ಯವಾಗಿ ರಕ್ತದಿಂದ: ಮರುಬಳಕೆಯ ಸೂಜಿ, ಪರೀಕ್ಷಿಸದ ರಕ್ತ, ಶುದ್ಧವಲ್ಲದ ಹಚ್ಚೆಯ ಸೂಜಿ. ಲಸಿಕೆ ಇಲ್ಲ, ಔಷಧಿ ಇದೆ. ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 95ಕ್ಕಿಂತ ಹೆಚ್ಚು ಜನರ ಸೋಂಕು ವಾಸಿಯಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಮಾತ್ರೆಗಳು ಉಚಿತ. ವೈರಸ್ ಹೋದ ಮೇಲೆ ಹೆಚ್ಚಿನವರ ಕಾಲಿನ ಕಲೆ ಮಾಯುತ್ತದೆ. ಕೆಲವರ ರಕ್ತದಲ್ಲಿ ಮಾತ್ರ ಆ ಪ್ರೋಟೀನು ಇನ್ನೂ ವರ್ಷಗಟ್ಟಲೆ ಉಳಿದಿರುತ್ತದೆ.