ಹಳ್ಳಿಗೆಂದು ಹೊರಟ ಸಿಂಪ್ಯೂಟರ್

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ರೈತರಿಗೆ ಪಹಣಿ ಬೇಕೆಂದರೆ ಒಂದು ಕಾಲದಲ್ಲಿ ಗ್ರಾಮಲೆಕ್ಕಿಗರ ದಾರಿ ಕಾಯಬೇಕಿತ್ತು. ಅವರು ಪುಸ್ತಕ ತೆರೆದು ಕೈಯಾರೆ ನಕಲು ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 2002ರ ಹೊತ್ತಿಗೆ ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳಿಗೂ ಹಬ್ಬಿತು. ತಾಲ್ಲೂಕು ಕಚೇರಿಯಲ್ಲಿ ₹15 ಕಟ್ಟಿದರೆ ಪ್ರಿಂಟಾದ ಪಹಣಿ ಕೈಗೆ ಬರತೊಡಗಿತು. ಕೌಂಟರಿನ ಒಳಗಿದ್ದದ್ದು ವಿಂಡೋಸ್ ಹಾಕಿದ ಮಾಮೂಲಿ ಪಿಸಿ. 1981ರಲ್ಲಿ ಐಬಿಎಂ ಹಾಕಿಕೊಟ್ಟ ಮಾದರಿಯದ್ದು.

ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಗಣಕ ರೂಪುಗೊಳ್ಳುತ್ತಿತ್ತು. ರೈತರನ್ನು ತಾಲ್ಲೂಕಿಗೆ ಕರೆಸಿಕೊಳ್ಳದೆ ತಾನೇ ಹಳ್ಳಿಗೆ ಹೋಗಬೇಕೆಂಬುದು ಅದರ ಹಂಬಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮುಂತಾದವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸರಳ, ಅಗ್ಗ, ಬಹುಭಾಷಿ ಎಂಬ ಮೂರು ಗುಣಗಳಿಂದಲೇ ಅದರ ಹೆಸರು ಹುಟ್ಟಿತು. 2001ರ ಏಪ್ರಿಲ್‌ನಲ್ಲಿ ಮಾದರಿಯನ್ನು ಜನರ ಮುಂದಿಟ್ಟರು. ಬೆಲೆಯ ಗುರಿ ₹9,000.

ಅಂಗೈ ಮೇಲೆ ಕೂರುವ ಪೆಟ್ಟಿಗೆ. 320 x 240 ಚುಕ್ಕಿಗಳ ಕಪ್ಪು-ಬಿಳುಪು ಪರದೆ, ಕೀಲಿಮಣೆಯ ಬದಲು ಒಂದು ಕಡ್ಡಿ, ಒಳಗೆ ಲಿನಕ್ಸ್. ಅಕ್ಷರ ಬಾರದವರಿಗೆಂದು ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ತಂತ್ರಾಂಶ. ಅದು ಕನ್ನಡವನ್ನೂ ಓದುತ್ತಿತ್ತು. ಪಕ್ಕದಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಸೀಳು. ಅದರ ಹಿಂದಿನ ಯೋಚನೆ ನಿಜಕ್ಕೂ ಊರಿನ ಬದುಕು ಬಲ್ಲದ್ದು: ಗಣಕ ಊರಿಗೆಲ್ಲ ಒಂದೇ, ಕಾರ್ಡು ಮಾತ್ರ ಒಬ್ಬೊಬ್ಬರದು. ತನ್ನ ಕಾರ್ಡು ತೂರಿಸಿದಷ್ಟು ಹೊತ್ತು ಅದು ತನ್ನದೇ ಗಣಕ.

ಆದರೆ ಊರು ತಲುಪುವ ಮೊದಲೇ ಅದು ಸೊರಗಿತು. ಪಿಕೋಪೇಟಾ ಕಂಪನಿ ರೂಪಿಸಿ, ಬಿಇಎಲ್ ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 2004ರ ಏಪ್ರಿಲ್‌ನಲ್ಲಿ. ಆರಂಭದ ಬೆಲೆಯೇ ₹10,000ದ ಹತ್ತಿರ. ಭೂದಾಖಲೆ ಸಂಗ್ರಹಕ್ಕೆ ಕರ್ನಾಟಕ ಸರ್ಕಾರ ಸ್ವಲ್ಪ ಮಟ್ಟಿಗೆ ಬಳಸಿತು. ದೊಡ್ಡ ಖರೀದಿ ಮಾತ್ರ ಯಾರಿಂದಲೂ ಆಗಲಿಲ್ಲ. 2005ರವರೆಗೆ ಮಾರಾಟವಾದದ್ದು ಸುಮಾರು 4,000 ಅಷ್ಟೇ. ಹೆಚ್ಚು ಮಾಡಿದರೆ ಅಗ್ಗವಾಗುತ್ತಿತ್ತು, ಅಗ್ಗವಾದರೆ ಹೆಚ್ಚು ಹೋಗುತ್ತಿತ್ತು. ಈ ಗಂಟು ಬಿಚ್ಚಲೇ ಇಲ್ಲ.

ಪಿಸಿಗೆ ಆ ಕಷ್ಟವಿರಲಿಲ್ಲ. ಒಂದು ಕಂಪನಿಯ ಬಿಡಿಭಾಗ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಹೊಂದುತ್ತಿತ್ತು, ರಿಪೇರಿ ಬಲ್ಲವರು ಸಣ್ಣ ಪೇಟೆಗಳಲ್ಲೂ ಇದ್ದರು, ಕಲಿಸುವ ಕೇಂದ್ರಗಳಿದ್ದವು. ಇನ್ನೊಂದು ಕಡೆಯಿಂದ ಮೊಬೈಲ್ ದಿನದಿನಕ್ಕೆ ಅಗ್ಗವಾಗುತ್ತ ಬಂತು.

ಸಿಂಪ್ಯೂಟರ್‌ನೊಳಗಿದ್ದ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ತವರುಮನೆಯೂ ಪಿಸಿಯ ಎದುರು ಸೋತದ್ದೇ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಬಿಬಿಸಿ ಮೈಕ್ರೋ ಎಂಬ ಗಣಕ ತಂದಿತು. 1984ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಕೊಡಿಸಿದ್ದು ಅದನ್ನೇ. ಐಬಿಎಂ ಮಾದರಿಯ ಪಿಸಿಗಳು ಎಲ್ಲೆಡೆ ತುಂಬಿಕೊಂಡಾಗ ಏಕಾರ್ನ್ ಗಣಕಗಳು ಮೂಲೆ ಸೇರಿದವು. ಆದರೆ ಅದೇ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿ, 1985ರಲ್ಲಿ ಸಿದ್ಧವಾದ ಆರ್ಮ್ ಚಿಪ್ ಉಳಿಯಿತು. ಕಡಿಮೆ ವಿದ್ಯುತ್ತಿನಲ್ಲಿ ದುಡಿಯುವ ಆ ಚಿಪ್ಪು ಬ್ಯಾಟರಿ ನಂಬಿದ ಯಂತ್ರಗಳಿಗೆ ಹೇಳಿಮಾಡಿಸಿದಂತಿತ್ತು.

ಇವತ್ತು ತಾಳ್ಯದಲ್ಲಿ ಹೊಲದ ಬದುವಿನ ಮೇಲೆ ನಿಂತೇ ಮೊಬೈಲಿನಲ್ಲಿ ಸರ್ವೆ ನಂಬರ್ ಒತ್ತಿ ಪಹಣಿ ನೋಡಬಹುದು. ಆ ಮೊಬೈಲಿನಲ್ಲಿರುವುದು ಆರ್ಮ್ ವಂಶದ ಚಿಪ್ಪು. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ದನಿಯೂ ಅದರಲ್ಲಿದೆ.