ಕಡತದಲ್ಲೇ ಉಳಿದ ಎಚ್ಚರಿಕೆ

ಸುರತ್ಕಲ್, ಕಾಟಿಪಳ್ಳದ ಕಡೆ ನೀವು ರಾತ್ರಿ ಹೊತ್ತು ಪ್ರಯಾಣ ಮಾಡಿದ್ದರೆ, ಎತ್ತರದ ಚಿಮಣಿಯೊಂದರ ತುದಿಯಲ್ಲಿ ಉರಿಯುವ ಬೆಂಕಿಯನ್ನು ಕಂಡಿರಬಹುದು. 1988ರಲ್ಲಿ ಸ್ಥಾಪನೆಗೊಂಡು 1996ರಲ್ಲಿ ಕಾರ್ಯಾರಂಭ ಮಾಡಿದ ಮಂಗಳೂರಿನ ತೈಲ ಶುದ್ಧೀಕರಣಾಗಾರದ ಬೆಂಕಿ ಅದು. "ಇಷ್ಟೊಂದು ಅನಿಲವನ್ನು ಸುಮ್ಮನೆ ಸುಟ್ಟು ಹಾಳುಮಾಡುತ್ತಾರಲ್ಲ!" ಎಂದು ಉದ್ಗರಿಸುವವರಿದ್ದಾರೆ. ಆ ಪ್ರಶ್ನೆ ಸಹಜವಾದುದೇ. ಆದರೆ ಇಂತಹ ಒಂದು ಬೆಂಕಿ ಇರಬೇಕಾದಲ್ಲಿ ಇಲ್ಲದಿದ್ದ ಕಾರಣಕ್ಕೆ ಹದಿನೈದು ಮಂದಿ ಜೀವ ತೆತ್ತ ಕಥೆಯೊಂದಿದೆ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಇಂಜಿನಿಯರಿಂಗ್ ಪದವಿ ಪಡೆದು ತೈಲಾಗಾರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಕೆಲವರು ಇಲ್ಲೇ ಇದ್ದರೆ, ಮತ್ತೆ ಕೆಲವರು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಮಗ ಅಥವಾ ಮಗಳು ತೈಲಾಗಾರದಲ್ಲಿ ಇಂಜಿನಿಯರ್ ಎಂದು ಹೇಳಿಕೊಳ್ಳಲು ಹೆತ್ತವರಿಗೆ ಹೆಮ್ಮೆ. ಅಲ್ಲಿ ಅವರು ನಿಜವಾಗಿ ಮಾಡುವ ಕೆಲಸವೇನು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ.

ಮೂಲಕ್ರಿಯೆ ಬಹಳ ಹಳೆಯದು. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1901ರಿಂದಲೇ ಕಚ್ಚಾ ತೈಲವನ್ನು ಕಾಯಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಆವಿಯಾಗುವ ಅಂಶಗಳನ್ನು ಬೇರ್ಪಡಿಸುತ್ತ ಬಂದಿದ್ದಾರೆ. ಹಗುರವಾದುದು ಗೋಪುರದ ಮೇಲ್ಭಾಗಕ್ಕೆ ಏರುತ್ತದೆ, ಭಾರವಾದುದು ತಳದಲ್ಲಿ ಉಳಿಯುತ್ತದೆ. ನೂರು ವರ್ಷಗಳಲ್ಲಿ ಯಂತ್ರಗಳು ದೊಡ್ಡವಾದವು, ಒತ್ತಡವೂ ಉಷ್ಣತೆಯೂ ಹೆಚ್ಚಿದವು, ಹೊಸ ಹೊಸ ರಾಸಾಯನಿಕ ಕ್ರಿಯೆಗಳು ಸೇರಿಕೊಂಡವು. ತತ್ತ್ವ ಮಾತ್ರ ಹೆಚ್ಚು ಬದಲಾಗಲಿಲ್ಲ. ಆದ್ದರಿಂದ ಇಂಜಿನಿಯರನ ದಿನದ ಬಹುಪಾಲು ಹೊಸತನ್ನು ಸೃಷ್ಟಿಸುವುದರಲ್ಲಿ ಕಳೆಯುವುದಿಲ್ಲ. ಉರಿಯಬಲ್ಲ ದ್ರವವನ್ನು ಕೊಳವೆ, ಗೋಪುರಗಳ ಒಳಗೇ ಹಿಡಿದಿಡುವುದು, ತುಕ್ಕು ಹಿಡಿದ ಕಡೆ ಗೋಡೆಯ ದಪ್ಪ ಅಳೆಯುವುದು, ಅಳತೆಯ ಉಪಕರಣ ಸತ್ಯ ಹೇಳುತ್ತಿದೆಯೇ ಎಂದು ಪರೀಕ್ಷಿಸುವುದು, ಬದಲಿಸಬೇಕಾದುದಕ್ಕೆ ಅಂದಾಜುಪಟ್ಟಿ ಬರೆದು ಮೇಲಿನವರಿಗೆ ಕಳುಹಿಸುವುದು ಅವನ ಕೆಲಸ. ಈ ಕೊನೆಯ ಕೆಲಸವನ್ನು ನೆನಪಿನಲ್ಲಿಡಿ.

ಅಮೆರಿಕದ ಟೆಕ್ಸಸ್ ರಾಜ್ಯದ ಕರಾವಳಿಯಲ್ಲಿ ಟೆಕ್ಸಸ್ ಸಿಟಿ ಎಂಬ ಪಟ್ಟಣವಿದೆ. ಅಲ್ಲಿನ ಬೃಹತ್ ತೈಲಾಗಾರ ದೀರ್ಘಕಾಲ ಅಮೋಕೊ ಸಂಸ್ಥೆಯದಾಗಿತ್ತು. 1998ರ ಕೊನೆಯಲ್ಲಿ ಆ ಸಂಸ್ಥೆ ಬ್ರಿಟನ್ನಿನ ಬಿಪಿ ಸಂಸ್ಥೆಯೊಂದಿಗೆ ವಿಲೀನಗೊಂಡಿತು. ಅಲ್ಲಿ ಪೆಟ್ರೋಲಿಗೆ ಸೇರಿಸುವ ಹಗುರ ದ್ರವಗಳನ್ನು ಬೇರ್ಪಡಿಸುವ ಗೋಪುರವೊಂದಿತ್ತು. ಅದರ ಎತ್ತರ 52 ಮೀಟರ್. ಗೋಪುರದಲ್ಲಿ ಒತ್ತಡ ಮಿತಿಮೀರಿದರೆ ಸುರಕ್ಷತಾ ವಾಲ್ವ್‌ಗಳು ತೆರೆದುಕೊಂಡು ಒಳಗಿನದನ್ನು ಬೇರೊಂದು ಪಾತ್ರೆಗೆ ಬಿಡುತ್ತಿದ್ದವು. ಬ್ಲೋಡೌನ್ ಡ್ರಮ್ ಎಂದು ಕರೆಯುವ ಆ ಪಾತ್ರೆಯ ಮೇಲೆ ಸುಮಾರು 34 ಮೀಟರ್ ಎತ್ತರದವರೆಗೆ ಏರಿದ ಚಿಮಣಿ ಇತ್ತು. ಚಿಮಣಿಯ ಬಾಯಿ ಆಕಾಶಕ್ಕೆ ತೆರೆದಿತ್ತು. ಅದರ ತುದಿಯಲ್ಲಿ ಬೆಂಕಿ ಇರಲಿಲ್ಲ. ಬಂದ ಆವಿ ಸುಟ್ಟುಹೋಗದೆ ಹಾಗೆಯೇ ಗಾಳಿಗೆ ಸೇರುತ್ತಿತ್ತು. ಇದು 1950ರ ದಶಕದ ಏರ್ಪಾಡು.

2005ರ ಮಾರ್ಚ್ 23ರ ನಸುಕಿನಲ್ಲಿ, ದುರಸ್ತಿಗಾಗಿ ನಿಲ್ಲಿಸಿದ್ದ ಆ ಗೋಪುರವನ್ನು ಮತ್ತೆ ಚಾಲನೆಗೊಳಿಸುವ ಕೆಲಸ ಆರಂಭವಾಯಿತು. ರಾತ್ರಿ ಪಾಳಿಯವರು ತಳಭಾಗಕ್ಕೆ ದ್ರವ ತುಂಬಿದರು. ಮಟ್ಟ ತೋರಿಸುವ ಉಪಕರಣದ ದೃಷ್ಟಿ ತಳದಿಂದ ಸುಮಾರು 2.7 ಮೀಟರ್‌ವರೆಗೆ ಮಾತ್ರ. ಅದರಾಚೆ ಗೋಪುರದಲ್ಲಿ ಎಷ್ಟು ದ್ರವವಿದ್ದರೂ ಅದಕ್ಕೆ ಕಾಣದು. ಮಟ್ಟ ಏರಿದಾಗ ಒಂದು ಅಲಾರಂ ಕೂಗಿತು. ಅದರ ಮೇಲಿನ ಎರಡನೆಯ ಅಲಾರಂ ಕೆಟ್ಟಿತ್ತು, ಕೂಗಲಿಲ್ಲ. ಗೋಪುರದ ಪಕ್ಕದಲ್ಲಿ ಕಣ್ಣಾರೆ ಮಟ್ಟ ನೋಡುವ ಗಾಜಿನ ಕೊಳವೆಯಲ್ಲಿ ಕೊಳೆ ತುಂಬಿ ಏನೂ ಕಾಣಿಸುತ್ತಿರಲಿಲ್ಲ. ನಿಯಮದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ತುಂಬುವುದು ಅಲ್ಲಿ ರೂಢಿಯೇ ಆಗಿಬಿಟ್ಟಿತ್ತು. ಪಾಳಿ ಬದಲಾದಾಗ ಬಂದವರಿಗೆ ದೊರೆತದ್ದು ದಾಖಲೆ ಪುಸ್ತಕದ ಒಂದೇ ಒಂದು ಸಾಲು. ಗೋಪುರದಲ್ಲಿ ಎಷ್ಟು ತುಂಬಿದೆ, ಮುಂದೆ ಏನು ಮಾಡಬೇಕು ಎಂಬ ವಿವರ ಅದರಲ್ಲಿರಲಿಲ್ಲ.

ಹಗಲು ಪಾಳಿಯಲ್ಲಿ ಕಂಟ್ರೋಲ್ ರೂಮಿನ ಫಲಕದ ಮುಂದೆ ಕುಳಿತ ವ್ಯಕ್ತಿಗೆ ಅದು ಹನ್ನೆರಡು ಗಂಟೆಗಳ ಪಾಳಿಯ 29ನೆಯ ದಿನ. ನಡುವೆ ಒಂದು ದಿನವೂ ರಜೆಯಿಲ್ಲ. ಅವನ ಮೇಲ್ವಿಚಾರಣೆಯಲ್ಲಿ ಆ ಒಂದು ಘಟಕವಲ್ಲದೆ ಇನ್ನೆರಡು ಘಟಕಗಳಿದ್ದವು. ಮೊದಲು ಇಬ್ಬರು ನೋಡಿಕೊಳ್ಳುತ್ತಿದ್ದ ಫಲಕ ವೆಚ್ಚ ಕಡಿತದ ನಂತರ ಒಬ್ಬನ ಪಾಲಿಗೆ ಬಂದಿತ್ತು. ಅನುಭವಿ ಮೇಲ್ವಿಚಾರಕ ಕುಟುಂಬದ ತುರ್ತು ಕಾರಣದಿಂದ ಬೆಳಿಗ್ಗೆ 11 ಗಂಟೆಗೆ ಮೊದಲೇ ಹೊರಟುಹೋದ. ಹೋದದ್ದು ಅವನ ತಪ್ಪಲ್ಲ. ಮನೆಯಲ್ಲಿ ತುರ್ತು ಬಂದಾಗ ಯಾರೂ ಹೋಗಲೇಬೇಕು. ಆದರೆ ಅವನ ಜಾಗಕ್ಕೆ ಅರ್ಹನಾದ ಇನ್ನೊಬ್ಬನನ್ನು ಯಾರೂ ಕಳುಹಿಸಲಿಲ್ಲ.

ಸುಮಾರು 10 ಗಂಟೆಯಿಂದ ಮೂರು ತಾಸು ಗೋಪುರಕ್ಕೆ ದ್ರವ ಹರಿದು ಬರುತ್ತಲೇ ಇತ್ತು. ಹೊರಹೋಗುವ ವಾಲ್ವ್ ಮುಚ್ಚಿತ್ತು. ಇಷ್ಟಾದರೂ ಫಲಕದಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತಿರುವಂತೆ ಕಾಣಿಸುತ್ತಿತ್ತು! ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಬಾವಿಯಲ್ಲಿ ಪೂರ್ತಿ ಮುಳುಗಿದ ಕೊಡವನ್ನು ನೆನೆಸಿಕೊಳ್ಳಿ. ಅದರ ಮೇಲೆ ಒಂದು ಮೊಳ ನೀರಿದೆಯೋ ಹತ್ತು ಮೊಳ ನೀರಿದೆಯೋ ಹಗ್ಗ ಹಿಡಿದವನ ಕೈಗೆ ತಿಳಿಯದು. ಆ ಉಪಕರಣವೂ ದ್ರವದಲ್ಲಿ ಮುಳುಗಿದ ವಸ್ತುವಿನ ತೂಕದಿಂದಲೇ ಮಟ್ಟವನ್ನು ಲೆಕ್ಕ ಹಾಕುವಂಥದು. ಅದು ಪೂರ್ತಿ ಮುಳುಗಿತ್ತು. ದ್ರವ ಬಿಸಿಯಾದಂತೆ ತೆಳುವಾಗಿ, ಮುಳುಗಿದ ವಸ್ತುವನ್ನು ಎತ್ತಿಹಿಡಿಯುವ ಅದರ ಬಲ ಕುಗ್ಗಿತು. ಉಪಕರಣ ಅದನ್ನು ಮಟ್ಟ ಇಳಿಯಿತೆಂದು ಓದಿತು. ಹಳೆಯ ಅಂಕಿಗಳ ಆಧಾರದಲ್ಲಿ ಅದನ್ನು ಹೊಂದಿಸಿದ್ದುದೂ ತಪ್ಪಿಗೆ ಸೇರಿಕೊಂಡಿತು. ಮಧ್ಯಾಹ್ನ 1 ಗಂಟೆ ಕಳೆದಾಗ ಫಲಕ ತೋರಿಸುತ್ತಿದ್ದುದು ಸುಮಾರು 2.4 ಮೀಟರ್. ನಿಜವಾದ ಮಟ್ಟ 48 ಮೀಟರ್.

ಕೊನೆಗೆ ಹೊರಹೋಗುವ ವಾಲ್ವ್ ತೆರೆದರು. ಹೊರಬಂದ ಬಿಸಿ ದ್ರವ ಒಳಬರುವ ದ್ರವವನ್ನು ಹಠಾತ್ತನೆ ಕಾಯಿಸಿತು. ಗೋಪುರದಲ್ಲಿದ್ದದ್ದು ಹಾಲು ಉಕ್ಕುವಂತೆ ಉಕ್ಕಿ ಮೇಲಿನ ಕೊಳವೆಗೆ ಹರಿಯಿತು. ಸುರಕ್ಷತಾ ವಾಲ್ವ್‌ಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದವು. ಆರು ನಿಮಿಷ ತೆರೆದುಕೊಂಡು ಎಲ್ಲವನ್ನೂ ಆ ಹಳೆಯ ಡ್ರಮ್ಮಿಗೆ ಬಿಟ್ಟವು. ಡ್ರಮ್ಮು ತುಂಬಿ, ತೆರೆದ ಚಿಮಣಿಯ ಬಾಯಿಯಿಂದ ಉರಿಯಬಲ್ಲ ದ್ರವ ಕಾರಂಜಿಯಂತೆ ಚಿಮ್ಮಿ ನೆಲಕ್ಕೆ ಬಿದ್ದು ಆವಿಯಾಗಿ ಹರಡಿತು. ಹತ್ತಿರ ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದ್ದ ಡೀಸೆಲ್ ಪಿಕಪ್ ವಾಹನವೊಂದಿತ್ತು. ಬೆಂಕಿಯ ಕಿಡಿ ಅದರಿಂದಲೇ ಹತ್ತಿರಬೇಕೆಂದು ತನಿಖೆಗಾರರು ತೀರ್ಮಾನಿಸಿದರು. ಆಗ ಗಂಟೆ ಮಧ್ಯಾಹ್ನ 1.20.

ಸತ್ತವರು 15 ಮಂದಿ, ಗಾಯಗೊಂಡವರು 180 ಮಂದಿ. ಸತ್ತ ಹದಿನೈದು ಮಂದಿಯೂ ಗುತ್ತಿಗೆ ಸಂಸ್ಥೆಗಳವರು. ಅವರಿಗೂ ಆ ಗೋಪುರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪಕ್ಕದ ಬೇರೊಂದು ಘಟಕದ ದುರಸ್ತಿಗಾಗಿ ಬಂದವರು. ಅವರ ತಾತ್ಕಾಲಿಕ ಕಚೇರಿಗಳನ್ನು, ಎಂದರೆ ಚಕ್ರದ ಮೇಲಿನ ಹಗುರ ಟ್ರೈಲರ್‌ಗಳನ್ನು, ಡ್ರಮ್ಮಿನಿಂದ ಕೇವಲ 37 ಮೀಟರ್ ದೂರದಲ್ಲಿ ನಿಲ್ಲಿಸಲಾಗಿತ್ತು. ಅಪಾಯದ ಚಾಲನೆ ನಡೆಯುತ್ತಿದೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಹೃದಯ ಹಿಂಡುವ ಸಂಗತಿಯೆಂದರೆ, ಒಂದು ತಿಂಗಳು ಯಾರಿಗೂ ಗಾಯವಾಗದೆ ಕೆಲಸ ನಡೆದದ್ದಕ್ಕಾಗಿ ಏರ್ಪಡಿಸಿದ್ದ ಊಟವನ್ನು ಮುಗಿಸಿ ಅವರು ಆಗತಾನೇ ಮರಳಿದ್ದರು.

ತಪ್ಪು ಯಾರದು? 2005ರ ಮೇ ತಿಂಗಳಲ್ಲಿ ಸಂಸ್ಥೆ ಹೊರಡಿಸಿದ ಮಧ್ಯಂತರ ವರದಿ ಫಲಕದ ಮುಂದಿದ್ದವರ ಮತ್ತು ಮೇಲ್ವಿಚಾರಕರ ಲೋಪಗಳನ್ನು ಎತ್ತಿ ಹೇಳಿತು. ಶಿಸ್ತುಕ್ರಮಗಳೂ ನಡೆದವು. ಅವರು ನಿಯಮ ಮೀರಿದ್ದು ಸುಳ್ಳಲ್ಲ. ಆದರೆ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಎರಡು ವರ್ಷ ತನಿಖೆ ನಡೆಸಿ 2007ರ ಮಾರ್ಚ್‌ನಲ್ಲಿ ನೀಡಿದ ವರದಿಯನ್ನು ಓದಿದವರಿಗೆ ಕಥೆ ಬೇರೆಯಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಇಪ್ಪತ್ತೊಂಬತ್ತು ದಿನ ಬಿಡುವಿಲ್ಲದೆ ದುಡಿದವನನ್ನು ಮೊದಲು ಬೆರಳು ಮಾಡಿ ತೋರಿಸಿದ್ದು ನ್ಯಾಯವಾಗಿ ಕಾಣುವುದಿಲ್ಲ.

ಏಕೆಂದರೆ ಆ ಡ್ರಮ್ಮಿನ ಅಪಾಯ ಇಂಜಿನಿಯರರಿಗೆ ತಿಳಿಯದ ವಿಷಯವಾಗಿರಲಿಲ್ಲ. ಇಂತಹ ಡ್ರಮ್ಮುಗಳನ್ನು ತೆಗೆದುಹಾಕುವ ಪ್ರಸ್ತಾಪ ಅಮೋಕೊದ ಕಾಲದಲ್ಲಿ, 1991ರಲ್ಲೇ, ಬಂದಿತ್ತು. ಅದನ್ನು ಮುಂದೂಡಲಾಯಿತು. 1997ರಲ್ಲಿ ಹಳೆಯ ಡ್ರಮ್ಮು ತುಕ್ಕು ಹಿಡಿದಾಗ ಅದನ್ನು ಬದಲಿಸುವ ಅವಕಾಶ ತಾನಾಗಿಯೇ ಬಂತು. ಆಗಲೂ ಬೆಂಕಿಯ ಚಿಮಣಿಗೆ ಜೋಡಿಸದೆ, ಅಂತಹುದೇ ಇನ್ನೊಂದನ್ನು ತಂದು ನಿಲ್ಲಿಸಿದರು. 2002ರಲ್ಲಿ ಬಿಪಿಯ ಇಂಜಿನಿಯರರು ಅದನ್ನು ಫ್ಲೇರ್‌ಗೆ ಜೋಡಿಸಬಹುದೆಂದು ಮತ್ತೆ ಸೂಚಿಸಿದರು. ಫ್ಲೇರ್ ಎಂದರೆ ನಾವು ಸುರತ್ಕಲ್ ಕಡೆ ಕಾಣುವ ಬೆಂಕಿಯಂಥದೇ. ಕಡಿಮೆ ಖರ್ಚಿನ ದಾರಿ ಆಯ್ಕೆಯಾಯಿತು. 1994ರಿಂದ 2004ರವರೆಗೆ ಆ ಚಿಮಣಿಯಿಂದ ಉರಿಯಬಲ್ಲ ಆವಿ ಹೊರಬಂದ ಘಟನೆಗಳು ಎಂಟಾದರೂ ನಡೆದಿದ್ದವು. ಆಗೆಲ್ಲ ದೊಡ್ಡ ಅನಾಹುತವಾಗದೆ ಉಳಿದದ್ದನ್ನು ಸುರಕ್ಷತೆಯ ಸಾಕ್ಷಿಯೆಂದು ಭಾವಿಸಿದರೋ ಏನೋ!

ಇನ್ನೊಂದೆಡೆ 1999ರಲ್ಲಿ ಸ್ಥಿರ ವೆಚ್ಚವನ್ನು ಶೇ. 25ರಷ್ಟು ತಗ್ಗಿಸಬೇಕೆಂಬ ಆದೇಶ ಮೇಲಿನಿಂದ ಬಂದಿತ್ತು. 2005ಕ್ಕೂ ಅಂತಹುದೇ ಗುರಿ ನೀಡಲಾಗಿತ್ತು. ತರಬೇತಿ ವಿಭಾಗದಲ್ಲಿ 1997ರಲ್ಲಿ 28 ಮಂದಿ ಇದ್ದರೆ 2004ರಲ್ಲಿ ಉಳಿದವರು 8 ಮಂದಿ. ಸ್ಫೋಟಕ್ಕೆ ಹಿಂದಿನ ಮೂವತ್ತು ವರ್ಷಗಳಲ್ಲಿ ಆ ತೈಲಾಗಾರದಲ್ಲಿ 23 ಮಂದಿ ಸತ್ತಿದ್ದರು. 2005ರ ಜನವರಿಯಲ್ಲಿ, ಎಂದರೆ ದುರಂತಕ್ಕೆ ಎರಡೇ ತಿಂಗಳ ಮೊದಲು, ಅಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಕೆಲಸಗಾರರು ಜೀವಭಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು.

ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ನೇತೃತ್ವದ ಸಮಿತಿ 2007ರ ಜನವರಿಯಲ್ಲಿ ಒಂದು ಮುಖ್ಯ ವಿಚಾರವನ್ನು ಗುರುತಿಸಿತು. ಸಂಸ್ಥೆ ಸುರಕ್ಷತೆಯನ್ನು ಅಳೆಯುತ್ತಿದ್ದುದು ಎಷ್ಟು ಮಂದಿ ಜಾರಿಬಿದ್ದರು, ಎಷ್ಟು ಮಂದಿಯ ಕೈಗೆ ಗಾಯವಾಯಿತು ಎಂಬ ಲೆಕ್ಕದಿಂದ. ಆ ಅಂಕಿಗಳು ಉತ್ತಮವಾಗುತ್ತಿದ್ದವು. ಗೋಪುರದ ಅಲಾರಂ ಕೆಟ್ಟಿದೆಯೇ, ಗಾಜಿನ ಕೊಳವೆ ಕೊಳೆಯಾಗಿದೆಯೇ ಎಂಬುದು ಆ ಲೆಕ್ಕಕ್ಕೆ ಬರುವಂಥದಲ್ಲ. ಆ ದಿನದ ಊಟವೂ ಇದೇ ಲೆಕ್ಕದ ಫಲ.

ನಮ್ಮ ದೇಶಕ್ಕೂ ಇಂತಹ ನೋವು ಹೊಸತಲ್ಲ. 1997ರ ಸೆಪ್ಟೆಂಬರ್ 14ರ ಭಾನುವಾರ ಬೆಳಿಗ್ಗೆ ವಿಶಾಖಪಟ್ಟಣದ ತೈಲಾಗಾರದಲ್ಲಿ ಅಡುಗೆ ಅನಿಲ ಸೋರಿ ಬೆಂಕಿ ಹೊತ್ತಿಕೊಂಡು ಸುಮಾರು 60 ಮಂದಿ ಸತ್ತರು. ದುರಸ್ತಿಯ ದಿನಗಳಲ್ಲಿ ನಮ್ಮಲ್ಲಿಯೂ ಗುತ್ತಿಗೆ ಕಾರ್ಮಿಕರು ನೂರಾರು ಸಂಖ್ಯೆಯಲ್ಲಿ ಒಳಬರುತ್ತಾರೆ. ನಿಮ್ಮ ಮನೆಯ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು ಮದುವೆಗೂ ಹೋಗದೆ ಹಗಲಿಡೀ ಮಲಗಿದರೆ ದಯವಿಟ್ಟು ಆಕ್ಷೇಪಿಸಬೇಡಿ. ಬಂದ ಕೂಡಲೇ ಫೋನು ಮಾಡಿ, "ಪಂಪಿನ ಬಗ್ಗೆ ಬರೆಯಲು ಮರೆತೆ" ಎಂದು ಮುಂದಿನ ಪಾಳಿಯವನಿಗೆ ಹೇಳುತ್ತಿದ್ದರೆ ಅದನ್ನು ಅತಿಯಾದ ಚಿಂತೆ ಎನ್ನಬೇಡಿ.

ಟೆಕ್ಸಸ್ ಸಿಟಿಯ ಸ್ಫೋಟದ ನಂತರ ಕೆಲವು ನಿಯಮಗಳು ಬದಲಾದವು. ಅಪಾಯದ ಘಟಕಗಳ ಬಳಿ ಟ್ರೈಲರ್ ನಿಲ್ಲಿಸುವ ಬಗ್ಗೆ 2007ರಲ್ಲಿ, ಪಾಳಿಯ ದಣಿವಿನ ಬಗ್ಗೆ 2010ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮಾರ್ಗಸೂಚಿಗಳನ್ನು ಹೊರಡಿಸಿತು. ತೈಲಾಗಾರ 2013ರಲ್ಲಿ ಮ್ಯಾರಥಾನ್ ಎಂಬ ಬೇರೆ ಸಂಸ್ಥೆಯ ಪಾಲಾಯಿತು.

ಆದರೆ ಕಡತಗಳು ಜನರ ಕಣ್ಣಿಗೆ ಬೀಳುವಲ್ಲಿ ಒಬ್ಬ ಮಗಳ ಹಟವೂ ಕಾರಣವಾಯಿತು. ಆ ಟ್ರೈಲರ್‌ಗಳಲ್ಲಿ ಸತ್ತವರಲ್ಲಿ ಒಂದು ದಂಪತಿ ಇದ್ದರು. ಅವರ ಮಗಳಿಗೆ ಆಗ ಇಪ್ಪತ್ತು ವರ್ಷ. ಉಳಿದ ಕುಟುಂಬಗಳು ಪರಿಹಾರ ಪಡೆದು ರಾಜಿಯಾದ ಮೇಲೂ ಅವಳು ಒಪ್ಪಲಿಲ್ಲ. ಸಂಸ್ಥೆಯ ಒಳಗಿನ ದಾಖಲೆಗಳು ಬಹಿರಂಗವಾಗಬೇಕೆಂದು ಪಟ್ಟು ಹಿಡಿದಳು. 2006ರ ನವೆಂಬರಿನಲ್ಲಿ, ವಿಚಾರಣೆ ಆರಂಭವಾಗಬೇಕಿದ್ದ ಹೊತ್ತಿಗೆ, ಸಂಸ್ಥೆ ಒಪ್ಪಿತು. ದಾಖಲೆಗಳು ಹೊರಬಂದವು. ಅದರೊಂದಿಗೆ 3 ಕೋಟಿ 20 ಲಕ್ಷ ಡಾಲರುಗಳನ್ನು ಅವಳು ಸೂಚಿಸಿದ ಸಂಸ್ಥೆಗಳಿಗೆ ದಾನವಾಗಿ ನೀಡಬೇಕೆಂದು ನಿರ್ಧಾರವಾಯಿತು. ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಗಾಲ್ವೆಸ್ಟನ್ ಆಸ್ಪತ್ರೆಯ ಸುಟ್ಟಗಾಯದ ವಿಭಾಗ, ಟೆಕ್ಸಸ್‌ನ ವಿಶ್ವವಿದ್ಯಾಲಯವೊಂದರ ಸುರಕ್ಷತಾ ಅಧ್ಯಯನ ಕೇಂದ್ರ, ಅವಳ ಹುಟ್ಟೂರಿನ ಶಾಲೆ ಅವುಗಳಲ್ಲಿ ಸೇರಿದ್ದವು. ಇನ್ನೊಂದು ಪಾಲು ಟೆಕ್ಸಸ್ ಸಿಟಿಯಲ್ಲೇ ಇರುವ ಒಂದು ಚಿಕ್ಕ ಕಾಲೇಜಿಗೆ ಹೋಯಿತು. ತೈಲಾಗಾರದ ಫಲಕಗಳ ಮುಂದೆ ಕೂರುವವರಿಗೆ ತರಬೇತಿ ನೀಡುವ ಕಾಲೇಜು ಅದು.